ಬೆಳ್ಳಿಯಪ್ಪನಿಗೆ ಕೇಳದ ತಂತಿಗಳು

ಕುದುರೆಮುಖದ ಗಣಿ ನಿಂತಾಗ ಬೆಳ್ಳಿಯಪ್ಪನಿಗೆ ನಲವತ್ತೇಳು. ಅದಿರು ಪುಡಿ ಮಾಡುವ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಬೇರಿಂಗ್ ಕೆಡುವ ಮೊದಲೇ ಸದ್ದಿನಲ್ಲಿ ಪತ್ತೆ ಹಚ್ಚುತ್ತೇನೆಂಬ ಹೆಮ್ಮೆ ಅವನದು. ಅದಕ್ಕಾಗಿ ಕಂಪನಿ ಕೊಟ್ಟ ಕಿವಿಮುಚ್ಚಳವನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಸೂಪರ್‌ವೈಸರ್ ಬಂದಾಗ ಮಾತ್ರ ಹಾಕಿಕೊಳ್ಳುತ್ತಿದ್ದ.

ಟೌನ್‌ಶಿಪ್ಪಿನ ಕ್ಲಬ್ಬಿನಲ್ಲೊಂದು ಪಿಯಾನೊ ಇತ್ತು. ಮಳೆಗಾಲ ಮುಗಿದ ಮೇಲೆ ಮಂಗಳೂರಿನಿಂದ ಸಲ್ದಾನ ಎಂಬ ಮುದುಕರು ಬಂದು ಶ್ರುತಿ ಸರಿಮಾಡುವಾಗ ಬೆಳ್ಳಿಯಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕೆಲಸ ಹೋದಾಗ ಅವರೇ ನೆನಪಾದರು. ಮಂಗಳೂರಿಗೆ ಹೋಗಿ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷ ಕೆಲಸ ಕಲಿತ. ಸಲ್ದಾನರಿಗೆ ಘಟ್ಟ ಹತ್ತುವ ಶಕ್ತಿ ಉಳಿದಿರಲಿಲ್ಲ. "ಮೇಲಿನ ಮನೆಗಳೆಲ್ಲ ಇನ್ನು ನಿನ್ನವು" ಎಂದು ತಂತಿ ಬಿಗಿಮಾಡುವ ತಮ್ಮ ಕೀಲಿಯನ್ನೇ ಕೊಟ್ಟರು.

ಅಷ್ಟರಲ್ಲಿ ಹೆಂಡತಿ ರುಕ್ಮಿಣಮ್ಮ ಕಳಸದ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಹಾಕಿದ್ದಳು. ಮದುವೆಯಾದ ಮೇಲೆ ಅವಳು ತನಗಾಗಿ ಮಾಡಿಕೊಂಡ ಮೊದಲ ಕೆಲಸ ಅದು.

ಒಂದು ದಿನ ಮೂಡಿಗೆರೆ ಕಡೆಯ ಎಸ್ಟೇಟೊಂದರ ಬಂಗಲೆಯಲ್ಲಿ ಬೆಳ್ಳಿಯಪ್ಪ ಕೆಲಸ ಮುಗಿಸಿದ. ಮನೆಯೊಡತಿ ಸೌಂದರ್ಯ ನುಡಿಸಲು ಕೂತು, ಸ್ವಲ್ಪ ಹೊತ್ತಿಗೇ ನಿಲ್ಲಿಸಿದರು.

"ಬೆಳ್ಳಿಯಪ್ಪೋರೆ, ಮೇಲಿನ ಸ್ವರಗಳು ಕಿರುಚ್ತಾ ಇದಾವಲ್ಲ."

ಅವನು ಬಲತುದಿಯ ಕೀ ಒತ್ತಿದ. ಮರ ಬಡಿದ ಟಕ್ ಸದ್ದಷ್ಟೇ ಕೇಳಿತು. ಹಿಂದೆಯೂ ಹಾಗೇ ಕೇಳಿತ್ತು. ಥಂಡಿಗೆ ತಂತಿ ಬಡಿಯುವ ಸುತ್ತಿಗೆಗಳ ಫೆಲ್ಟ್ ಬಟ್ಟೆ ಊದಿದೆ ಎಂದುಕೊಂಡಿದ್ದ. ಚಿಕ್ಕಮಗಳೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಮಿಲ್ಲಿನ ಸದ್ದಿಗೆ ಹೋದದ್ದು ಬರುವುದಿಲ್ಲ, ಇನ್ನೂ ಹೋಗುತ್ತದೆ ಎಂದರು. ಮುಳ್ಳಿನಲ್ಲಿ ಶ್ರುತಿ ತೋರಿಸುವ ಮೀಟರ್ ತರಿಸಿ ನೋಡಿದ. ಮುಳ್ಳು ಒಂದು ಕಡೆ ನಿಲ್ಲುವ ಮೊದಲೇ ಮೇಲಿನ ತಂತಿಗಳ ಸದ್ದು ಮುಗಿದುಹೋಗುತ್ತಿತ್ತು.

ಆ ವಾರ ಅವನು ಅಂಗಡಿಗೆ ಬಂದು ಮಿಷನ್ನಿನ ಎದುರು ಕೂತ.

"ನನ್ನ ಜೊತೆ ಬರ್ತೀಯಾ? ಮೇಲಿನದಷ್ಟೇ ಕೇಳಿ ಹೇಳಿದ್ರೆ ಸಾಕು."

"ಅಂಗಡಿ?"

"ಹೋದ ದಿನ ಮುಚ್ಚೋಣ."

ರುಕ್ಮಿಣಮ್ಮ ಹೊಲಿಯುತ್ತಿದ್ದ ರವಿಕೆಯಿಂದ ಕಣ್ಣೆತ್ತಲಿಲ್ಲ. "ಟೌನ್‌ಶಿಪ್ಪಲ್ಲಿ ನಿಮ್ಮ ಶಿಫ್ಟಿಗೆ ತಕ್ಕ ಹಾಗೆ ಎದ್ದೆ, ಮಲಗಿದೆ. ಈಗ ನಿಮ್ಮ ಕಿವಿನೂ ನಾನೇ ಆಗ್ಬೇಕಾ?"

ಅವನು ಎದ್ದು ಹೊರಟ. ಸೋಮವಾರ ಅವಳೇ ಶಟರ್ ಎಳೆದು ಸೌಂದರ್ಯರ ಬಂಗಲೆಗೆ ಹೊರಟ ಜೀಪು ಹತ್ತಿದಳು.

ಪಿಯಾನೊದಲ್ಲಿ ಹೆಚ್ಚಿನ ಸ್ವರಗಳಿಗೆ ತಲಾ ಮೂರು ತಂತಿ ಇರುತ್ತವೆ. ಅವು ಹೊಂದದಿದ್ದರೆ ಸದ್ದು ಅಲುಗುತ್ತದೆ, ಹೊಂದಿದಾಗ ಅಲುಗದೆ ನಿಲ್ಲುತ್ತದೆ. ಬೆಳ್ಳಿಯಪ್ಪ ಕೀಲಿ ತಿರುಗಿಸುತ್ತಿದ್ದ, ಅವಳು ಪಕ್ಕದಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಅಲುಗ್ತಿದೆ... ಅಲುಗ್ತಿದೆ... ನಿಂತಿತು." ಸೌಂದರ್ಯ ಮತ್ತೆ ನುಡಿಸಿ ತಲೆದೂಗಿದರು. ಸುದ್ದಿ ಹಬ್ಬಿ ಮನೆಗಳು ಹೆಚ್ಚಾದವು. ಅಂಗಡಿ ಮುಚ್ಚಿದ ದಿನಗಳೂ ಹೆಚ್ಚಾದವು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ವಾಪಸ್ ಒಯ್ದರು. ಕೊನೆಗೆ ಅಂಗಡಿ ಬೇರೆಯವರ ಬಾಡಿಗೆಗೆ ಹೋಯಿತು.

ಎರಡು ಮಳೆಗಾಲ ಕಳೆದ ಮೇಲೆ, ಒಂದು ಬಂಗಲೆಯಲ್ಲಿ ಅವನು ನಡುಭಾಗದ ತಂತಿಯೊಂದನ್ನು ಸರಿಮಾಡಿ ಮುಂದಿನದಕ್ಕೆ ಕೈ ಹಾಕಿದ. ಅದು ತನಗೆ ಚೆನ್ನಾಗಿ ಕೇಳುವ ಜಾಗ ಎಂದೇ ನಂಬಿದ್ದ.

"ಅದಿನ್ನೂ ಅಲುಗ್ತಿದೆ," ಎಂದಳು ರುಕ್ಮಿಣಮ್ಮ, ಮೆಲ್ಲಗೆ.

ಅವನು ಮತ್ತೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಅವನ ಮಟ್ಟಿಗೆ ಅದು ನಿಂತೇ ಇತ್ತು. ಕೀಲಿಯನ್ನು ಅವಳ ಕೈಗಿಟ್ಟು ಎದ್ದ.

"ನನಗೆ ಬೇಡ ಇದು," ಎಂದಳು.

"ಗೊತ್ತು. ಅರ್ಧಕ್ಕೆ ಬಿಟ್ಟು ಹೋಗೋಕಾಗಲ್ಲವಲ್ಲ."

ಕೀಲಿ ಎಷ್ಟು ತಿರುಗಿಸಬೇಕೆಂದು ಅವನು ಮಣಿಕಟ್ಟು ಹಿಡಿದು ತೋರಿಸಿದ. ಸಂಜೆಯ ಹೊತ್ತಿಗೆ ಅವಳು ಕೈಯನ್ನು ಬಿಡಿಸಿಕೊಂಡು ತಾನೇ ಮಾಡತೊಡಗಿದಳು.

ಆಮೇಲೆ ಎಸ್ಟೇಟಿನವರು ಫೋನು ಮಾಡಿ ರುಕ್ಮಿಣಮ್ಮನವರನ್ನೇ ಕೇಳುತ್ತಿದ್ದರು. ಬೆಳ್ಳಿಯಪ್ಪ ಚೀಲ ಹೊತ್ತು ಜೊತೆಗೆ ಹೋಗುತ್ತಿದ್ದ, ಪಿಯಾನೊದ ಮುಚ್ಚಳ ತೆಗೆದುಕೊಟ್ಟು ಜಗಲಿಗೆ ಬಂದು ಕೂರುತ್ತಿದ್ದ. ಒಳಗೆ ಅವಳು ಕೆಲಸ ಶುರು ಮಾಡಿದಳೋ ಮುಗಿಸಿದಳೋ ತಿಳಿಯಲು ಆಗಾಗ ಎದ್ದು ಬಾಗಿಲಲ್ಲಿ ಇಣುಕಿ ನೋಡಬೇಕಾಗುತ್ತಿತ್ತು.