ಹೂವಿನ ಭಾನುವಾರ ಬಂದ ಫೋನು

ತೆಮೆನುಗಾಳಿಗೆ ಹೊಟ್ಟೆಕಿಚ್ಚು ನಾಲ್ಕನೇ ಮಹಡಿಯ ನೆವೆನಾಳ ಮೇಲೆ. ಅದನ್ನು ಮುಚ್ಚಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

ನೆವೆನಾ ಬರುವ ಮೊದಲು ಸೆವ್ಲಿಯೆವೊ ಊರಿನ ಆ ಕಟ್ಟಡಕ್ಕೆಲ್ಲ ತೆಮೆನುಗಾಳೇ ದಿಕ್ಕು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಬೆಳಗಾದರೆ ಮೂರನೇ ಮಹಡಿಯ ಅವಳ ಬಾಗಿಲಲ್ಲಿ ಜನ ತೋಳು ಮೇಲೇರಿಸಿಕೊಂಡು ಬಿ.ಪಿ. ನೋಡಿಸಲು ನಿಲ್ಲುತ್ತಿದ್ದರು. ಬಿ.ಪಿ. ಒಂದು ನೆಪ. ತೋಳಿನ ಪಟ್ಟಿ ಬಿಗಿಯಾಗುವಷ್ಟರಲ್ಲಿ ಸೊಸೆಯ ದೂರು, ಗಂಡನ ಕುಡಿತ ಎಲ್ಲ ಹೊರಗೆ ಬರುತ್ತಿತ್ತು. ಇವಳು ಚೆನ್ನಾಗಿ ಬೈಯುತ್ತಿದ್ದಳು. ಬೈಸಿಕೊಂಡವರು ಮರುವಾರ ಮತ್ತೆ ಬರುತ್ತಿದ್ದರು.

ಆಮೇಲೆ ಬ್ಯಾಂಕಿನಿಂದ ನಿವೃತ್ತಳಾದ ನೆವೆನಾ ಮೇಲಿನ ಮನೆಗೆ ಬಂದಳು. ಊರ ಓದುಮನೆಯಲ್ಲಿ ಬುಧವಾರ ಬುಧವಾರ ಪಾಠ ಶುರುಮಾಡಿದಳು. ಫೋನಿನಲ್ಲಿ ಮೋಸಗಾರರು ಹೇಗೆ ಮಾತಾಡುತ್ತಾರೆ, ಯಾವ ಲಿಂಕ್ ಒತ್ತಬಾರದು, ಪಾಸ್‌ವರ್ಡ್ ಯಾಕೆ ಯಾರಿಗೂ ಹೇಳಬಾರದು ಅಂತ. ಜನ ಮುಗಿಬಿದ್ದರು. ಬೆಳಗಿನ ಸಾಲು ಒಂದು ಮಹಡಿ ಮೇಲಕ್ಕೆ ಹೋಯಿತು, ಕೈಯಲ್ಲಿ ಫೋನು ಹಿಡಿದುಕೊಂಡು.

"ನೀನೂ ಬಾರೇ, ಪಾಠ ಮುಗಿದ್ಮೇಲೆ ಬಿಸ್ಕತ್ತು ಕೊಡ್ತಾಳೆ," ಎಂದ ಎರಡನೇ ಮಹಡಿಯ ಮುದುಕ ಮಿಂಚೋ.

"ನನ್ನ ಫೋನಿಗೆ ಜ್ವರ ಬಂದಾಗ ಬರ್ತೀನಿ. ನಿನ್ನ ಬಿ.ಪಿ.ನೂ ಅವಳ ಹತ್ರನೇ ನೋಡಿಸ್ಕೋ, ಹೋಗು."

ಕಟ್ಟಡದಲ್ಲಿ ಆ ಪಾಠಕ್ಕೆ ಹೋಗದವಳು ಇವಳೊಬ್ಬಳೇ.

ಇಷ್ಟು ಸಾಲದೆಂಬಂತೆ ಇಬ್ಬರದೂ ಹೂವಿನ ಹೆಸರು. ಈಸ್ಟರಿಗೆ ಒಂದು ವಾರ ಮೊದಲು, ಹೂವಿನ ಭಾನುವಾರ, ಹೂವಿನ ಹೆಸರಿನವರಿಗೆಲ್ಲ ಹೆಸರಿನ ಹಬ್ಬ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿದ್ದವರು ತಾವಾಗಿ ಬರಬೇಕು, ಬಂದವರಿಗೆ ಬಡಿಸಬೇಕು. ಯಾರಿಗೆ ಯಾರ ನೆನಪಿದೆ ಎಂಬುದು ಅವತ್ತು ಮೆಟ್ಟಿಲ ಮೇಲೆಯೇ ತೀರ್ಮಾನವಾಗುತ್ತದೆ.

ತೆಮೆನುಗಾ ಮೀನಿನ ಹೊಟ್ಟೆಗೆ ಅಕ್ರೋಟು ತುಂಬಿ ಬೇಯಿಸಿದಳು. ಚರ್ಚಿನಿಂದ ತಂದ ವಿಲೋ ಮರದ ಕೊಂಬೆ ಬಾಗಿಲಿಗೆ ಕಟ್ಟಿ, ಬಾಗಿಲನ್ನು ಅರ್ಧ ತೆರೆದಿಟ್ಟು ಕೂತಳು. ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಎದ್ದು ಏಪ್ರನ್ ಸರಿಮಾಡಿಕೊಂಡಳು. ಹೆಜ್ಜೆಗಳು ಮೇಲಕ್ಕೆ ಹೋದವು. ಮಿಂಚೋನ ಕೆಮ್ಮು ಕೂಡ ಬಾಗಿಲು ದಾಟಿ ಮೇಲಕ್ಕೆ ಹೋಯಿತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ಆಗ ಫೋನು ಬಡಿದುಕೊಂಡಿತು.

"ಚಿಕ್ಕಮ್ಮ, ಹಬ್ಬದ ಶುಭಾಶಯ. ನೂರ್ಕಾಲ ಚೆನ್ನಾಗಿರಿ."

ಹಬ್ಬದ ದಿನ ಹರಸಿದವನನ್ನು ನೀನ್ಯಾರು ಎಂದು ಕೇಳುವುದು ಆ ಊರಿನಲ್ಲಿ ಅವಮಾನ ಮಾಡಿದ ಹಾಗೆ. ದನಿ ಯಾರದೆಂದು ಗೊತ್ತಾಗದಿದ್ದರೂ ತೆಮೆನುಗಾ ಕೇಳಲಿಲ್ಲ. ಮೀನಿನ ಸುದ್ದಿ ಹೇಳಿದಳು, ಖಾಲಿ ಕುರ್ಚಿಗಳ ಸುದ್ದಿ ಹೇಳಿದಳು, ಎಲ್ಲರ ಫೋನನ್ನೂ ಕೈಯಲ್ಲಿ ಹಿಡಿದು ಕೂರುವ ಮೇಲಿನವಳ ಸುದ್ದಿಯನ್ನಂತೂ ಬಿಡಿಸಿ ಬಿಡಿಸಿ ಹೇಳಿದಳು.

ಅವನ ದನಿ ತಗ್ಗಿತು. "ಅವಳ ವಿಷಯಕ್ಕೇ ಫೋನ್ ಮಾಡಿದ್ದು ಚಿಕ್ಕಮ್ಮ. ನಾನು ಪೊಲೀಸ್ನೋನು. ಅವಳು ಕಳ್ಳರ ಕಡೆಯೋಳು. ಹಿಡಿಯೋಕೆ ನಿಮ್ಮ ಸಹಾಯ ಬೇಕು."

"ನಂಗೊತ್ತಿತ್ತು," ಎಂದಳು ತೆಮೆನುಗಾ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಅವನು ದಾರಿ ಹೇಳಿಕೊಟ್ಟ: ಮನೆಯ ಚಿನ್ನವನ್ನು ಚೀಲಕ್ಕೆ ಹಾಕಿ ಬಾಲ್ಕನಿಯಿಂದ ಕೆಳಗೆ ಬಿಡಬೇಕು, ಕೆಳಗೆ ನಿಂತ ಪೊಲೀಸ್ ಹುಡುಗ ಅದನ್ನಿಟ್ಟುಕೊಂಡು ಬಲೆ ಬೀಸುತ್ತಾನೆ, ಸಂಜೆಗೆ ವಾಪಸು. ಫೋನ್ ಇಡಬಾರದು, ಯಾರಿಗೂ ಹೇಳಬಾರದು.

ಅಜ್ಜಿ ಕೊಟ್ಟ, ಮದುವೆಯ ದಿನ ಹಾಕಿಕೊಂಡಿದ್ದ ಚಿನ್ನದ ನಾಣ್ಯದ ಸರ. ಅವಳ ಹತ್ತಿರ ಇದ್ದ ಚಿನ್ನ ಅದೊಂದೇ. ಬ್ರೆಡ್ಡಿನ ಚೀಲದಲ್ಲಿ ಅದನ್ನು ಸುತ್ತಿ ಬಾಲ್ಕನಿಗೆ ಬಂದಳು. ಕೆಳಗೆ ಟೋಪಿ ಹಾಕಿದವನೊಬ್ಬ ಮೇಲೆ ನೋಡುತ್ತಿದ್ದ. ಚೀಲ ಹಿಡಿದ ಕೈ ಕಂಬಿಯ ಆಚೆಗೆ ಹೋಯಿತು. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ನೆವೆನಾ ಏನೋ ಹೇಳಿದ್ದು, ಎಲ್ಲರೂ ಗೊಳ್ಳೆಂದು ನಕ್ಕದ್ದು ಕೇಳಿಸಿತು.

ತೆಮೆನುಗಾಳ ಕೈ ನಿಂತಿತು. ಸಂಜೆಯವರೆಗೆ ಯಾರು ಕಾಯುತ್ತಾರೆ? ತನ್ನನ್ನು ಪೊಲೀಸರು ಆರಿಸಿಕೊಂಡಿದ್ದಾರೆ ಎಂದು ಗೊತ್ತಾದಾಗ ಆ ನೆವೆನಾಳ ಮುಖ ಹೇಗಾಗುತ್ತದೆ ಎಂದು ನೋಡದಿದ್ದರೆ ಗೆದ್ದು ಏನು ಸುಖ? ಚೀಲವನ್ನು ಎದೆಗವಚಿಕೊಂಡು, ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿ, ದಡದಡನೆ ಮೆಟ್ಟಿಲು ಹತ್ತಿದಳು.

"ಪೊಲೀಸ್ರು ನಂಗೆ ಫೋನ್ ಮಾಡಿದಾರೆ," ಎಂದಳು ಊಟದ ಮೇಜಿನ ಮುಂದೆ ನಿಂತು. "ನಿನಗಲ್ಲ ಕಣೇ, ನಂಗೆ. ಸಂಜೆ ಹೊತ್ತಿಗೆ ನಿನ್ನ ಬಣ್ಣ ಬಯಲಾಗತ್ತೆ."

ನೆವೆನಾ ಬ್ರೆಡ್ಡಿನ ಚೀಲ ನೋಡಿದಳು. ಇಣುಕುತ್ತಿದ್ದ ನಾಣ್ಯ ನೋಡಿದಳು. ಎದ್ದು ಬಂದು ಇವಳ ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟಳು. "ಮಗಾ, ಯಾವ ಠಾಣೆ? ಅಲ್ಲೇ ಇರು, ನಾವೆಲ್ಲಾ ಕೆಳಗೆ ಬರ್ತಾ ಇದ್ದೀವಿ."

ಫೋನು ಕಟ್ಟಾಯಿತು. ಮಿಂಚೋ ಬಾಲ್ಕನಿಯಿಂದ ಬಗ್ಗಿ, "ಟೋಪಿಯೋನು ಓಡ್ತಾ ಇದಾನೆ," ಎಂದ.

ತೆಮೆನುಗಾ ಚೀಲ ಹಿಡಿದುಕೊಂಡೇ ಸಿಕ್ಕಿದ ಕುರ್ಚಿಯಲ್ಲಿ ಕೂತಳು. ಸರ ಉಳಿದದ್ದು ಸಂತೋಷವೇ. ಆದರೆ ಉಳಿಸಿದ್ದು ನೆವೆನಾ. ನೆವೆನಾ ಮುಂದಿಟ್ಟ ತಟ್ಟೆಯನ್ನು ತೆಮೆನುಗಾ ಮುಟ್ಟಲಿಲ್ಲ.

ಬುಧವಾರ ನೆವೆನಾಳೇ ಬಂದು, "ನಡೆದದ್ದನ್ನ ನಿನ್ನ ಬಾಯಲ್ಲೇ ಹೇಳು ಬಾ," ಎಂದು ಓದುಮನೆಗೆ ಕರೆದೊಯ್ದಳು. ತೆಮೆನುಗಾ ಮುಖ ಗಂಟಿಕ್ಕಿಕೊಂಡೇ ಶುರುಮಾಡಿದಳು. ಜನ ಬಿಡಬೇಕಲ್ಲ. ದನಿ ಹೇಗಿತ್ತು? ಚಿಕ್ಕಮ್ಮ ಅಂದನಾ? ಆಮೇಲೆ? ಬಿಸ್ಕತ್ತು ಯಾರಿಗೂ ನೆನಪಾಗಲಿಲ್ಲ. ಮರುದಿನದಿಂದ ಮೂರನೇ ಮಹಡಿಯಲ್ಲಿ ಮತ್ತೆ ಸಾಲು. ಕಳ್ಳ ಹೇಗೆ ಮಾತಾಡುತ್ತಾನೆಂದು ಕೇಳಲು ಬಂದವರು ತೋಳನ್ನೂ ಏರಿಸಿಕೊಂಡೇ ಬಂದರು.

ಒಂದು ದಿನ ಎಲ್ಲರೂ ಹೋದ ಮೇಲೆ ನೆವೆನಾ ಬಂದು ಕೂತು ತೋಳು ಚಾಚಿದಳು.

"ಜಾಸ್ತಿ ಇದೆಯಲ್ಲೇ. ನಿದ್ದೆ ಮಾಡಲ್ವಾ?" ಎಂದಳು ತೆಮೆನುಗಾ.

ನೆವೆನಾ ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಚಿತಮಾಡಿಕೊಂಡಳು. "ಇಷ್ಟು ವರ್ಷದಿಂದ ಪಾಠ ಮಾಡ್ತಾ ಇದ್ದೀನಿ, ತೆಮೆನುಗಾ. ಇವತ್ತಿನವರೆಗೆ ಒಬ್ಬ ಕಳ್ಳನೂ ನಂಗೆ ಫೋನ್ ಮಾಡಿಲ್ಲ."

"ಮಾತಾಡ್ಬೇಡ, ಇನ್ನೂ ಏರತ್ತೆ," ಎಂದು ತೆಮೆನುಗಾ ಪಟ್ಟಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿದಳು.