ಧೂಳಿಲ್ಲದ ಮಿಲ್ಲು

ಕಲಬುರಗಿಯ ಅಂಚಿಗೆ, ನಂದೂರಿನಲ್ಲಿ ನಮ್ಮ ಬೇಳೆ ಮಿಲ್ಲು. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದರೆ ತೊಗರಿಯ ಧೂಳು ಅದರೊಳಗೆ ಹಳದಿಯಾಗಿ ತೇಲುತ್ತಿತ್ತು. ನಮ್ಮ ಯಜಮಾನರ ರೆಪ್ಪೆಯ ಮೇಲೂ ಅದೇ ಧೂಳು. ಕಮಲಾಪುರದ ತವರಿಗೆ ಹೋದಾಗೆಲ್ಲ ಅಪ್ಪ ಬಾಗಿಲಲ್ಲೇ ಅಳಿಯನ ಹೆಗಲು ತಟ್ಟುತ್ತಿದ್ದ. ಅಂಗಿಯಿಂದ ಧೂಳು ಎದ್ದರೆ, "ಮಿಲ್ಲು ಛಲೋ ನಡದದ" ಎಂದು ನಗುತ್ತಿದ್ದ.

ಆಮೇಲೆ ಸಾಲ ಮಾಡಿ, ಬಣ್ಣ ನೋಡಿ ಬೇಳೆ ಆರಿಸುವ ಯಂತ್ರ ತಂದೆವು. ಬಡ್ಡಿ ಏರುತ್ತಾ ಹೋಯಿತು. ಕಂತು ಕಟ್ಟಿದ ಮೇಲೆ ತೊಗರಿ ಕೊಳ್ಳಲು ದುಡ್ಡೇ ಉಳಿಯದೆ ಮಿಲ್ಲು ನಿಂತಿತು. ಮಾಡಲು ಬೇರೆ ಕೆಲಸವಿಲ್ಲದೆ ನಾನು ದಿನಾ ಯಂತ್ರ ಒರೆಸುತ್ತಿದ್ದೆ. ಅದರ ಹೊಳಪಿನಲ್ಲಿ ನಮ್ಮಿಬ್ಬರ ಮುಖ ನೀರಿನ ತಳದಲ್ಲಿದ್ದಂತೆ ಕಾಣುತ್ತಿತ್ತು.

ನೋಡಲು ಬಂದ ಬ್ಯಾಂಕಿನ ಸಾಹೇಬರು, "ಮಿಲ್ಲು ಭಾಳ ಸ್ವಚ್ಛ ಇಟ್ಟೀರಿ ನೋಡ್ರಿ" ಎಂದು ಮೆಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆದರೂ ಚಹಾ ಕೊಟ್ಟೆ.

ಮರುವಾರ ಕಮಲಾಪುರಕ್ಕೆ ಹೋದೆವು. ಅಪ್ಪ ಎಂದಿನಂತೆ ಅಳಿಯನ ಹೆಗಲು ತಟ್ಟಿದ. ಏನೂ ಏಳಲಿಲ್ಲ. ಇನ್ನೊಮ್ಮೆ ಮೆಲ್ಲಗೆ ತಟ್ಟಿದ. ಆಮೇಲೆ ಆ ಕೈಯನ್ನು ಹೆಗಲ ಮೇಲೆಯೇ ಇಟ್ಟುಕೊಂಡು ಅವರನ್ನು ಒಳಗೆ ಕರೆದೊಯ್ದ.