ಗಿಲಾವ ಯಾವಾಗ?

ತೊಂಬತ್ತರ ದಶಕದ ಕೊನೆಗೆ ನಾನು ಬೈಲಹೊಂಗಲದಲ್ಲಿ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿದಾಗ ಜನ ಅದನ್ನು ಓದಿ, ಒಳಗೆ ಬಂದು, ಜೆರಾಕ್ಸ್ ಮಾಡುತ್ತೀರಾ ಎಂದು ಕೇಳುತ್ತಿದ್ದರು. ಮನೆಯಲ್ಲಿ ನನ್ನ ಮದುವೆಗೆಂದು ಎತ್ತಿಟ್ಟಿದ್ದ ಬಂಗಾರ ಮಾರಿಸಿ, ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರ ತಂದಿದ್ದೆ. ಕಿತ್ತೂರು ಕಡೆಯ ಕೆಂಪು ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಒತ್ತಿದರೆ ಆಯಿತು. ಭಟ್ಟಿ ಬೇಡ, ಕಟ್ಟಿಗೆ ಸುಡುವುದು ಬೇಡ, ಗೋಡೆಯ ಮೇಲೆ ಸಿಮೆಂಟು ಬಳಿಯುವುದೂ ಬೇಡ. ಆ ಬಳಿಯುವುದಕ್ಕೆ ನಮ್ಮಲ್ಲಿ ಗಿಲಾವ ಎನ್ನುತ್ತಾರೆ.

ಮೊದಲ ಗಿರಾಕಿ ಒಬ್ಬ ಹೈಸ್ಕೂಲು ಮಾಸ್ತರರು. ಅವರ ಮನೆಯೇ ನನ್ನ ಜಾಹೀರಾತು. ಅದನ್ನು ನೋಡಿ ಎರಡನೆಯವರು ಬರಬೇಕು, ಬರದಿದ್ದರೆ ನಾನು ಬೋರ್ಡು ಇಳಿಸಬೇಕು. ನೋಡಲು ಜನ ಬಂದರು. ದೊಡವಾಡದಿಂದ, ಯರಗಟ್ಟಿಯಿಂದಲೂ ಬಂದರು. ಗೋಡೆ ಸವರಿದರು, ಚಹಾ ಕುಡಿದರು, ಹೊರಡುವಾಗ ಎಲ್ಲರೂ ಕೇಳಿದ್ದು ಒಂದೇ: "ಗಿಲಾವ ಯಾವಾಗ್ರಿ?" ಗಿಲಾವ ಇಲ್ಲದ ಮನೆ ಎಂದರೆ ಈ ಸೀಮೆಯಲ್ಲಿ ರೊಕ್ಕ ಮುಗಿದು ಅರ್ಧಕ್ಕೆ ನಿಂತ ಮನೆ. ಪರಿಸರ ಗಿರಿಸರ ಅಂತ ನಾನು ಗಂಟಲು ಹರಿದುಕೊಂಡದ್ದೆಲ್ಲ ಅವರಿಗೆ ಬಡತನ ಮುಚ್ಚುವ ಮಾತಾಗಿ ಕೇಳಿಸುತ್ತಿತ್ತು.

ಆ ಪ್ರಶ್ನೆ ಕೇಳದಿದ್ದವಳು ಮಾಸ್ತರರ ಮಗಳು ಮಾತ್ರ. ಬಿ.ಎ. ಪರೀಕ್ಷೆಯ ಪುಸ್ತಕ ಹಿಡಿದು ಬೇಸಿಗೆಯೆಲ್ಲ ಆ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದಳು. "ತಣ್ಣಗ ಐತ್ರಿ ಬಾಯಾರ" ಎನ್ನುತ್ತಿದ್ದಳು. ಓದಿದ ಹೆಂಗಸರನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುತ್ತಾರೆ.

ಅವಳನ್ನು ನೋಡಲು ಕಿತ್ತೂರಿನಿಂದ ಗಂಡಿನವರು ಬಂದರು. ಹುಡುಗನ ತಂದೆ ಹೆದ್ದಾರಿ ಪಕ್ಕದಲ್ಲಿ ಖಾನಾವಳಿ ನಡೆಸುವ ಸಾಹುಕಾರ. ಮನೆ ಕಟ್ಟಿದವರು ಎಂದು ಪರಿಚಯಿಸಲು ಮಾಸ್ತರರು ನನ್ನನ್ನೂ ಕರೆದಿದ್ದರು. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದಳು. ಸಾಹುಕಾರ ಅವಳನ್ನು ಬಿಟ್ಟು ಗೋಡೆ ನೋಡಿದ.

"ಮಾಸ್ತರ, ಗಿಲಾವ ಯಾವಾಗ?"

"ಇದು ಹಿಂಗ ಇರತೈತ್ರಿ," ಎಂದರು ಮಾಸ್ತರರು.

"ಗಿಲಾವಕ್ಕ ಗತಿ ಇಲ್ದವ್ರು ಮದವಿ ಹೆಂಗ ಮಾಡಿಕೊಡ್ತೀರಿ?" ಬಂದವರೆಲ್ಲ ನಕ್ಕರು. ಎದ್ದು ಚಪ್ಪಲಿ ಹಾಕಿಕೊಳ್ಳುತ್ತ ಆತ, "ಗಿಲಾವ ಆದಮ್ಯಾಲ ಹೇಳಿಕಳಸ್ರಿ" ಎಂದ.

ಮರುದಿನವೇ ಮಾಸ್ತರರು ನನ್ನ ಆಫೀಸಿಗೆ ಬಂದರು. "ತಪ್ಪ ತಿಳಕೋಬ್ಯಾಡ್ರಿ ಬಾಯಾರ. ನಿಮಗ ಗ್ವಾಡಿ ಐತಿ, ನನಗ ಮಗಳ ಅದಾಳ." ನುಣುಪು ಗೋಡೆಗೆ ಗಿಲಾವ ಹಿಡಿಯುವುದಿಲ್ಲ. ಮೊದಲು ಉಳಿಯಿಂದ ಅದರ ಮೈತುಂಬ ಕಚ್ಚು ಹೊಡೆಯಬೇಕು. ಇಂಜಿನಿಯರ್ ಎದುರಿಗಿದ್ದರೆ ಗೌಂಡಿಗಳು ಕೆಲಸ ಕೆಡಿಸುವುದಿಲ್ಲವೆಂದು ನನ್ನನ್ನೇ ಅಲ್ಲಿ ನಿಲ್ಲಿಸಿದರು. ನಿಂತೆ. 

ಮದುವೆಯ ಊಟದಲ್ಲಿ ಸಾಹುಕಾರ ನನ್ನತ್ತ ಬೆರಳು ಮಾಡಿ, "ಇವ್ರ ನೋಡ್ರಿ, ಗಿಲಾವ ಇಲ್ಲದ ಬಾಯಾರು" ಎಂದ. ಪಂಕ್ತಿ ಪೂರಾ ನಕ್ಕಿತು. ಅವರು ನನ್ನ ಖಾಲಿ ಕೊರಳನ್ನು ನೋಡಿಯೂ ನಕ್ಕರು. ಆ ಹೆಸರು ನನಗೆ ಅಂಟಿಕೊಂಡಿತು. ಮಣ್ಣಿನ ಮನೆಗೆ ಎರಡನೆಯ ಗಿರಾಕಿ ಬರಲಿಲ್ಲ. ಯಂತ್ರ ಹಿತ್ತಲಲ್ಲಿ ತುಕ್ಕು ಹಿಡಿಯಿತು, ನಾನು ರಾಮದುರ್ಗ, ಸವದತ್ತಿಗಳ ವ್ಯಾಪಾರಿಗಳ ಮನೆ ಮುಂದೆ ಏನನ್ನೂ ಹೊರದ ಕಂಬಗಳ ನಕ್ಷೆ ಬರೆದು ಹೊಟ್ಟೆ ಹೊರೆದೆ.

ವರ್ಷಗಳಾದ ಮೇಲೆ, ಹೆದ್ದಾರಿ ಅಗಲವಾಗಿ ಪುಣೆ, ಬೆಂಗಳೂರಿನ ಕಾರುಗಳು ನಿಲ್ಲತೊಡಗಿದಾಗ, ಅದೇ ಸಾಹುಕಾರ ನನ್ನನ್ನು ಕಿತ್ತೂರಿಗೆ ಕರೆಸಿದ. ಖಾನಾವಳಿಯನ್ನು ರೆಸಾರ್ಟ್ ಮಾಡಬೇಕಂತೆ.

"ಮಂದಿಗೆ ಈಗ ಮಣ್ಣಿನ ಮನಿ ಬೇಕಾಗೇತ್ರಿ ಬಾಯಾರ. ಗಿಲಾವ ಇಲ್ದಂಗ ಕಾಣಬೇಕು."

"ಹಂಗಾದ್ರ ಗಿಲಾವ ಬ್ಯಾಡ್ರಿ. ನನ್ನ ಮಷೀನ್ ಇನ್ನೂ ಐತಿ" ಎಂದೆ. ನಾಚಿಕೆಗೆಟ್ಟ ಆಸೆ ಒಂದು ಕ್ಷಣ ತಲೆಯೆತ್ತಿತ್ತು.

"ಛೇ, ಒಳಗ ಗಟ್ಟಿ ಸಿಮೆಂಟ ಇರ್ಲಿ. ಗಿಲಾವ ಮಾಡಿ, ಗಿಲಾವ ಇಲ್ದಂಗ ಕಾಣೂಹಂಗ ಮಾಡ್ರಿ."

ಅಷ್ಟರಲ್ಲಿ ಸೊಸೆ ಚಹಾ ತಂದಳು. ಗುರುತು ಸಿಗದಷ್ಟು ಬತ್ತಿಹೋಗಿದ್ದಳು. "ಬಸಿ ಎಲ್ಲೈತಿ? ನಿಮ್ಮಪ್ಪ ಇದನ್ನೂ ಕಲಿಸ್ಲಿಲ್ಲೇನು?" ಎಂದು ಆತ ಗದರಿದ. ಅವಳು ಹೊರಳಿ ಹೋಗಿ ಕಪ್ಪಿನ ಕೆಳಗೆ ಬಸಿ ತಂದಿಟ್ಟಳು. ಸಾಹುಕಾರ ನನ್ನತ್ತ ತಿರುಗಿ ನಕ್ಕ: "ಗುರ್ತ ಸಿಗಲಿಲ್ಲೇನ್ರಿ? ಮಾಸ್ತರನ ಮಗಳು. ಆವತ್ತ ಗಿಲಾವ ಆಗದಿದ್ರ ಈಕಿ ಈ ಮನಿಗೆ ಬರ್ತಿದ್ದಿಲ್ಲ."

ಅವಳು ಆಗ ತಲೆಯೆತ್ತಿ ನನ್ನನ್ನು ನೋಡಿದಳು.

"ಹೌದ್ರಿ ಬಾಯಾರ. ಗಿಲಾವ ಮಾಡಬಾರದಿತ್ತು."

"ನೋಡ್ರಿ, ಈಕಿಗೂ ನಿಮ್ಮ ಗ್ವಾಡಿ ಸೇರಿತ್ತು!" ಎಂದು ಸಾಹುಕಾರ ಇನ್ನೂ ಜೋರಾಗಿ ನಕ್ಕ. ಅವಳು ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು. ನಾನು ಚಹಾ ಕುಡಿದು, ಬ್ಯಾಗಿನಿಂದ ಟೇಪು ತೆಗೆದು ಜಾಗ ಅಳೆಯಲು ಎದ್ದೆ.

ಆ ರೆಸಾರ್ಟಿನ ಗೋಡೆ ಈಗಲೂ ಹೆದ್ದಾರಿಗೆ ಕಾಣುತ್ತದೆ. ಕೆಂಪು ಬಣ್ಣ ಕಲಸಿದ ಸಿಮೆಂಟಿನ ಗಿಲಾವ, ಮೇಲೆ ಇಟ್ಟಿಗೆಯ ಗೆರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬೆನ್ನು ಹಚ್ಚಿದರೆ ಸುಡುತ್ತದೆ.